ಮುದ್ರಿತ ಆಂಟೆನಾ: ಕಿರಿದಾಗುವುದರ ಬೆಲೆ

೧. ಪೀಠಿಕೆ

ಮಣ್ಣಿನ ತೇವ, ಗಾಳಿಯ ಉಷ್ಣತೆ, ಬಾವಿಯ ನೀರಿನ ಮಟ್ಟ, ಬೆಟ್ಟದ ಇಳಿಜಾರಿನಲ್ಲಿ ಉಂಟಾಗುವ ಅತಿ ಸಣ್ಣ ವಾಲಿಕೆ ಮೊದಲಾದವನ್ನು ತಾನೇ ಅಳೆದು, ತಂತಿಯ ನೆರವಿಲ್ಲದೆ ದೂರದ ಕೇಂದ್ರಕ್ಕೆ ತಿಳಿಸುವ ಕಿರುಸಾಧನವನ್ನು ನಿಸ್ತಂತು ಸಂವೇದಕ ಘಟಕವೆಂದು ಕರೆಯುತ್ತಾರೆ. ಅದು ಅಂಗೈಯಲ್ಲಿ ಅಡಗುವ ಒಂದು ಪೆಟ್ಟಿಗೆ. ಅದರೊಳಗೆ ಒಂದು ಸಂವೇದಕ, ಒಂದು ಪುಟ್ಟ ಗಣಕ, ಒಂದು ರೇಡಿಯೊ, ಒಂದೆರಡು ಸಾಮಾನ್ಯ ಸೆಲ್ಲುಗಳು ಇರುತ್ತವೆ. ಇವುಗಳ ಜೊತೆಗೆ ಫಲಕದ ಒಂದು ಮೂಲೆಯಲ್ಲಿ, ಹೆಚ್ಚಿನವರ ಕಣ್ಣಿಗೆ ಬೀಳದಂತೆ, ತಾಮ್ರದ ಒಂದು ಡೊಂಕು ಗೆರೆ ಇರುತ್ತದೆ. ಆ ಗೆರೆಯೇ ಸಾಧನದ ಆಂಟೆನಾ. ಅಳೆದದ್ದೆಲ್ಲವೂ ಹೊರಲೋಕಕ್ಕೆ ಹೋಗಬೇಕಾದದ್ದು ಆ ಗೆರೆಯ ಮೂಲಕವೇ.

ಇಂತಹ ಸಾಧನಗಳು ನಮ್ಮ ನೆಲಕ್ಕೆ ಹೊಸವಲ್ಲ. ೨೦೦೦ದ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯೂ ಕೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ, ಮಳೆಯನ್ನೇ ನಂಬಿದ ಸಣ್ಣ ರೈತರ ಹೊಲಗಳ ತೇವವನ್ನು ತಿಳಿಯಲು ಸಂವೇದಕ ಜಾಲವೊಂದನ್ನು ಹಾಕಿ ನೋಡಿದವು. ಅದೇ ದಶಕದ ಕೊನೆಯಲ್ಲಿ ಕೇರಳದ ಇಡುಕ್ಕಿ ಜಿಲ್ಲೆಯ ಮುನ್ನಾರಿನಲ್ಲಿ, ಆಂಟೋನಿಯಾರ್ ಕಾಲೊನಿ ಎಂಬಲ್ಲಿ, ಅಮೃತ ವಿಶ್ವವಿದ್ಯಾಪೀಠದವರು ಭೂಕುಸಿತದ ಮುನ್ಸೂಚನೆಗಾಗಿ ನಿಸ್ತಂತು ಜಾಲವೊಂದನ್ನು ಸ್ಥಾಪಿಸಿದರು. ೨೦೧೮ರ ಆಗಸ್ಟಿನಲ್ಲಿ ಕೊಡಗು, ೨೦೨೪ರ ಜುಲೈ ೧೬ರಂದು ಉತ್ತರ ಕನ್ನಡದ ಶಿರೂರು, ಅದೇ ತಿಂಗಳ ೩೦ರಂದು ವಯನಾಡು ಕಂಡ ಕುಸಿತಗಳನ್ನು ನೆನೆದರೆ, ಬೆಟ್ಟದ ಮೈಯಲ್ಲಿ ಇಂತಹ ಸಾಧನಗಳನ್ನು ನೆಡುವ ಯತ್ನದ ಹಿಂದಿನ ತುರ್ತು ಅರ್ಥವಾಗುತ್ತದೆ. ವಯನಾಡೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಗಣಕದ ಬಿಲ್ಲೆಯನ್ನು ವರ್ಷದಿಂದ ವರ್ಷಕ್ಕೆ ಕಿರಿದಾಗಿಸಲು ಸಾಧ್ಯವಾಗಿದೆ. ಸಂವೇದಕವೂ ಕಿರಿದಾಗಿದೆ. ಆದರೆ ಆಂಟೆನಾವನ್ನು ಹಾಗೆ ಮನಬಂದಂತೆ ಕುಗ್ಗಿಸಲಾಗದು. ಅದರ ಅಳತೆಯನ್ನು ನಿಶ್ಚಯಿಸುವುದು ತಯಾರಕನ ಕೌಶಲವಲ್ಲ, ಅಲೆಯ ಉದ್ದ. ಆ ಅಳತೆಗಿಂತ ಕಿರಿದು ಮಾಡಿದಾಗಲೆಲ್ಲ ಯಾವುದಾದರೂ ಒಂದು ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ. ಆ ಬೆಲೆ ಯಾವುದು, ಅದನ್ನು ಯಾವ ರೂಪದಲ್ಲಿ ತೆರುವುದು ಮೇಲು ಎಂಬ ವಿವೇಚನೆಯೇ ಕಿರು ಆಂಟೆನಾ ವಿನ್ಯಾಸದ ಸಾರ. ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ಈ ದಿಕ್ಕಿನಲ್ಲಿ ನಡೆದಿರುವ ಕೆಲಸವನ್ನು ಆಧಾರವಾಗಿಟ್ಟುಕೊಂಡು ಆ ಸಾರವನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಅಲೆ ಮತ್ತು ಅಳತೆ

ತಂಬೂರಿಯ ತಂತಿಯನ್ನು ಮೀಟಿದಾಗ ಅದು ತನ್ನ ಉದ್ದ, ಬಿಗಿ, ತೂಕಗಳಿಗೆ ತಕ್ಕ ಒಂದು ಶ್ರುತಿಯಲ್ಲಿ ನುಡಿಯುತ್ತದೆ. ಬಿಗಿ ಮತ್ತು ತೂಕ ಒಂದೇ ಆಗಿದ್ದರೆ ಉದ್ದವೇ ಶ್ರುತಿ. ಆಂಟೆನಾ ಕೂಡ ಹಾಗೆಯೇ. ತಾಮ್ರದ ತುಂಡೊಂದರಲ್ಲಿ ವಿದ್ಯುತ್ತು ಅತ್ತಿತ್ತ ತೂಗಾಡುವಾಗ ಆ ತುಂಡಿನ ಉದ್ದಕ್ಕೆ ಹೊಂದುವ ಆವೃತ್ತಿಯೊಂದಿರುತ್ತದೆ. ಆ ಆವೃತ್ತಿಯಲ್ಲಿ ತೂಗಾಟವು ಸರಾಗವಾಗಿ ನಡೆದು ಶಕ್ತಿಯು ಅಲೆಯಾಗಿ ಹೊರಡುತ್ತದೆ. ಇದೇ ಅನುರಣನ. ಸ್ವತಂತ್ರವಾಗಿ ನಿಂತ ತಂತಿಯು ತರಂಗದೂರದ ಅರ್ಧದಷ್ಟು ಉದ್ದವಿದ್ದಾಗ ಮೊದಲ ಅನುರಣನ ಒದಗುತ್ತದೆ. ಕೆಳಗೆ ಲೋಹದ ಹಾಳೆಯೊಂದನ್ನು ಹಾಸಿದರೆ ಅದು ಕನ್ನಡಿಯಂತೆ ಉಳಿದರ್ಧವನ್ನು ಒದಗಿಸುವುದರಿಂದ ಕಾಲುಭಾಗವೇ ಸಾಕಾಗುತ್ತದೆ.

ತರಂಗದೂರವೆಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ಅಂತರ. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಇದು ದೊರೆಯುತ್ತದೆ. ಸಂವೇದಕ ಸಾಧನಗಳು ಹೆಚ್ಚಾಗಿ ಬಳಸುವ ೨೪೫೦ ಮೆಗಾಹರ್ಟ್ಸ್ ಆವೃತ್ತಿಗೆ ತರಂಗದೂರ ಸುಮಾರು ೧೨.೨ ಸೆಂಟಿಮೀಟರ್, ಅದರ ಕಾಲುಭಾಗ ೩.೧ ಸೆಂಟಿಮೀಟರ್. ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ೮೬೫-೮೬೮ ಮೆಗಾಹರ್ಟ್ಸ್ ಪಟ್ಟಿಯಲ್ಲಿ ತರಂಗದೂರ ಸುಮಾರು ೩೪.೬ ಸೆಂಟಿಮೀಟರ್, ಕಾಲುಭಾಗ ೮.೭ ಸೆಂಟಿಮೀಟರ್. ಆವೃತ್ತಿ ತಗ್ಗಿದಷ್ಟೂ ಅಲೆ ಮರಗಿಡಗಳ ನಡುವೆ ಹೆಚ್ಚು ದೂರ ಸಾಗುತ್ತದೆ, ಆಂಟೆನಾ ಮಾತ್ರ ಹಿರಿದಾಗುತ್ತದೆ. ಕಾಡಿನಲ್ಲಿ ಬೇಕಾದದ್ದು ತಗ್ಗು ಆವೃತ್ತಿ, ಪೆಟ್ಟಿಗೆಯಲ್ಲಿ ಹಿಡಿಸುವುದು ಎತ್ತರದ ಆವೃತ್ತಿಯ ಆಂಟೆನಾ. ವಿನ್ಯಾಸಕಾರನ ಮೊದಲ ಇಕ್ಕಟ್ಟು ಇಲ್ಲಿಂದಲೇ ಆರಂಭವಾಗುತ್ತದೆ.

೩. ಅಚ್ಚಿನ ಆಂಟೆನಾ

ಕನ್ನಡದ ವಿದ್ಯಾರ್ಥಿಗೆ ತಾಮ್ರಶಾಸನದ ಪರಿಚಯವುಂಟು. ಅಲ್ಲಿ ತಗಡಿನ ಮೇಲೆ ಅಕ್ಷರವನ್ನು ಕೊರೆಯುತ್ತಾರೆ, ಕೊರೆದ ಭಾಗವೇ ಬರಹ. ಮುದ್ರಿತ ಆಂಟೆನಾದಲ್ಲಿ ಕ್ರಮ ಇದಕ್ಕೆ ತಿರುಗುಮುರುಗು. ಗಾಜಿನ ನೂಲು ಮತ್ತು ರಾಳದಿಂದ ಮಾಡಿದ ಫಲಕದ ಮೇಲೆ ತೆಳುವಾದ ತಾಮ್ರದ ಹಾಳೆಯನ್ನು ಅಂಟಿಸಿರುತ್ತಾರೆ. ಬೇಕಾದ ಆಕೃತಿಯನ್ನು ಮಾತ್ರ ರಕ್ಷಕ ಲೇಪದಿಂದ ಮುಚ್ಚಿ, ಉಳಿದ ತಾಮ್ರವನ್ನು ರಾಸಾಯನಿಕ ದ್ರಾವಣದಲ್ಲಿ ಕರಗಿಸುತ್ತಾರೆ. ಉಳಿದು ನಿಂತದ್ದೇ ಆಂಟೆನಾ. ಸಾಧನದ ಉಳಿದ ವಿದ್ಯುನ್ಮಂಡಲವೂ ಅದೇ ಫಲಕದ ಮೇಲೆ ಅದೇ ಕ್ರಿಯೆಯಲ್ಲಿ ಅಚ್ಚಾಗುವುದರಿಂದ ಆಂಟೆನಾಕ್ಕೆಂದು ಬೇರೆ ವೆಚ್ಚವಿಲ್ಲ, ಬೆಸುಗೆಯಿಲ್ಲ, ಮುರಿದುಬೀಳುವ ಕಡ್ಡಿಯಿಲ್ಲ.

ಇಷ್ಟು ತೆಳುವಾದ ತಾಮ್ರ ಸಾಕೇ ಎಂಬ ಸಂದೇಹ ಸಹಜ. ರೇಡಿಯೊ ಆವೃತ್ತಿಯಲ್ಲಿ ವಿದ್ಯುತ್ತು ಲೋಹದ ಒಳಕ್ಕೆ ಇಳಿಯದೆ ಮೇಲ್ಮೈಯಲ್ಲೇ ಹರಿಯುತ್ತದೆ. ೨೪೫೦ ಮೆಗಾಹರ್ಟ್ಸಿನಲ್ಲಿ ತಾಮ್ರದೊಳಗೆ ಅದು ಇಳಿಯುವ ಆಳ ಸುಮಾರು ೧.೩ ಮೈಕ್ರಾನ್. ಸಾಮಾನ್ಯ ಫಲಕದ ತಾಮ್ರದ ದಪ್ಪ ೩೫ ಮೈಕ್ರಾನ್. ಆದ್ದರಿಂದ ಹಾಳೆ ತೆಳುವಾಯಿತೆಂಬ ಕೊರತೆಯಿಲ್ಲ.

ಮುದ್ರಿತ ಆಂಟೆನಾದ ಕಲ್ಪನೆಯನ್ನು ೧೯೫೩ರಲ್ಲಿ ದೆಶಾಂ ಎಂಬ ವಿಜ್ಞಾನಿ ಮುಂದಿಟ್ಟನು. ಒಳ್ಳೆಯ ಫಲಕಗಳು ದೊರೆಯತೊಡಗಿದ ಮೇಲೆ, ೧೯೭೦ರ ದಶಕದ ಮೊದಲ ವರ್ಷಗಳಲ್ಲಿ, ಹೋವೆಲ್ ಮತ್ತು ಮನ್ಸನ್ ಎಂಬವರ ಕೆಲಸದಿಂದ ಅದು ಬಳಕೆಗೆ ಬಂದಿತು. ಅದರ ಅತಿ ಸರಳ ರೂಪ ಒಂದು ಚೌಕಾಕಾರದ ತಾಮ್ರದ ತೇಪೆ. ಫಲಕದ ಮೇಲೆ ತೇಪೆ, ಕೆಳಗೆ ಪೂರ್ತಿ ತಾಮ್ರದ ಹಾಸು, ಇಷ್ಟೇ. ಇದನ್ನು ತೇಪೆ ಆಂಟೆನಾ ಎನ್ನಬಹುದು.

ಲೆಕ್ಕವೊಂದನ್ನು ನೋಡೋಣ. ಸಾಧಾರಣ ಗಾಜುನೂಲಿನ ಫಲಕ ೧.೬ ಮಿಲಿಮೀಟರ್ ದಪ್ಪವಿದ್ದು, ಅದರ ಪರಾವೈದ್ಯುತಾಂಕ ಸುಮಾರು ೪.೪ ಇರುತ್ತದೆ. ಪರಾವೈದ್ಯುತಾಂಕವೆಂದರೆ ವಸ್ತುವೊಂದು ವಿದ್ಯುತ್ ಕ್ಷೇತ್ರವನ್ನು ತನ್ನೊಳಗೆ ಎಷ್ಟರಮಟ್ಟಿಗೆ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದರ ಅಳತೆ. ಶೂನ್ಯಾಕಾಶಕ್ಕೆ ಅದು ೧. ಈ ಅಂಕ ಹೆಚ್ಚಿದಷ್ಟೂ ವಸ್ತುವಿನೊಳಗೆ ಅಲೆ ನಿಧಾನವಾಗಿ ಸಾಗಿ, ಅದರ ಉದ್ದ ಕುಗ್ಗುತ್ತದೆ. ಇಂತಹ ಫಲಕದ ಮೇಲೆ ೨೪೫೦ ಮೆಗಾಹರ್ಟ್ಸಿಗೆ ಹೊಂದುವ ತೇಪೆಯ ಅಳತೆ ಸುಮಾರು ೩೭ ಮಿಲಿಮೀಟರಿಗೆ ೨೯ ಮಿಲಿಮೀಟರ್. ಕೆಳಗಿನ ಹಾಸು ಇದಕ್ಕಿಂತ ಅಗಲವಾಗಿರಬೇಕು. ಬೆಂಕಿಪೊಟ್ಟಣದ ಗಾತ್ರದ ಸಾಧನದಲ್ಲಿ ಇಷ್ಟು ಜಾಗವನ್ನು ಆಂಟೆನಾ ಒಂದೇ ಕಬಳಿಸಿದರೆ ಉಳಿದದ್ದನ್ನು ಎಲ್ಲಿ ಇಡಬೇಕು? ೮೬೬ ಮೆಗಾಹರ್ಟ್ಸಿಗಾದರೆ ತೇಪೆ ಹೆಚ್ಚುಕಡಿಮೆ ಮೂರು ಪಟ್ಟು ಉದ್ದ, ಮೂರು ಪಟ್ಟು ಅಗಲವಾಗುತ್ತದೆ. ಕುಗ್ಗಿಸುವುದು ಅನಿವಾರ್ಯ.

೪. ಕುಗ್ಗಿಸುವ ಮೂರು ದಾರಿಗಳು

ಮೊದಲನೆಯ ದಾರಿ ವಿದ್ಯುತ್ತಿನ ಹಾದಿಯನ್ನು ಬಳಸುದಾರಿಯಾಗಿಸುವುದು. ಘಾಟಿ ರಸ್ತೆಯು ಸುತ್ತು ಸುತ್ತಾಗಿ ಏರಿ ಸ್ವಲ್ಪ ಜಾಗದಲ್ಲೇ ಬಹಳ ಉದ್ದವನ್ನು ಅಡಗಿಸಿಕೊಳ್ಳುವಂತೆ, ತಾಮ್ರದ ಗೆರೆಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿದರೆ ಚಿಕ್ಕ ಮೂಲೆಯಲ್ಲಿ ಉದ್ದದ ಗೆರೆ ಹಿಡಿಸುತ್ತದೆ. ತೇಪೆಯಲ್ಲಾದರೆ ಅಂಚುಗಳಲ್ಲಿ ಸೀಳು ಮಾಡಬಹುದು, ಇಲ್ಲವೆ ನಡುವನ್ನು ಕಿರಿದು ಮಾಡಬಹುದು. ವಿದ್ಯುತ್ತು ನೇರವಾಗಿ ಹೋಗಲಾರದೆ ಅಂಚನ್ನು ಬಳಸಿ ಹರಿಯುತ್ತದೆ. ಹಾದಿ ಉದ್ದವಾದಂತೆ ಅನುರಣನದ ಆವೃತ್ತಿ ಇಳಿಯುತ್ತದೆ.

ಈ ದಾರಿಯಲ್ಲಿ ಕೊಚ್ಚಿಯ ಹೆಸರು ಉಲ್ಲೇಖಾರ್ಹ. ೧೯೭೧ರಲ್ಲಿ ಹುಟ್ಟಿ, ೧೯೮೬ರಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವೆಂಬ ಹೊಸ ಹೆಸರು ಪಡೆದ ವಿದ್ಯಾಲಯದ ಎಲೆಕ್ಟ್ರಾನಿಕ್ಸ್ ವಿಭಾಗವು ಪ್ರೊ. ಕೆ. ಜಿ. ನಾಯರ್ ಅವರ ನೇತೃತ್ವದಲ್ಲಿ ಆಂಟೆನಾ ಸಂಶೋಧನೆಯ ಒಂದು ನೆಲೆಯಾಗಿ ಬೆಳೆಯಿತು. ಸಿ. ಕೆ. ಆನಂದನ್, ಪಿ. ಮೋಹನನ್, ಕೆ. ವಾಸುದೇವನ್ ಮೊದಲಾದವರು ಆ ಪರಂಪರೆಯನ್ನು ಮುಂದುವರಿಸಿದರು. ಆಂಟೆನಾ ಮತ್ತು ಅಲೆಗಳ ಸಂಚಾರವನ್ನು ಕುರಿತ ರಾಷ್ಟ್ರೀಯ ವಿಚಾರ ಸಂಕಿರಣವನ್ನು ಈ ವಿಭಾಗವು ೧೯೮೮ರಿಂದ ಎರಡು ವರ್ಷಕ್ಕೊಮ್ಮೆ ನಡೆಸುತ್ತ ಬಂದಿದೆ. ೧೯೯೦ರ ದಶಕದಲ್ಲಿ ಇಲ್ಲಿಯವರು ರೂಪಿಸಿದ ಒಂದು ಕಿರು ತೇಪೆಗೆ ಡ್ರಮ್ಮಿನ ಆಕೃತಿ ಎಂದೇ ಹೆಸರು. ನಮ್ಮ ಬುಡುಬುಡಿಕೆಯನ್ನು ಅಥವಾ ಕೇರಳದ ಇಡಕ್ಕವನ್ನು ಕಂಡವರಿಗೆ ಸಣ್ಣ ನಡುವಿನ ವಾದ್ಯದ ಆಕೃತಿ ಕೂಡಲೇ ಕಣ್ಣಿಗೆ ಕಟ್ಟುತ್ತದೆ. ನಡು ಕಿರಿದಾದಾಗ ಅದೇ ಆವೃತ್ತಿಗೆ ಚೌಕ ತೇಪೆಗಿಂತ ಕಡಿಮೆ ವಿಸ್ತೀರ್ಣ ಸಾಕಾಗುತ್ತದೆ. ೨೦೦೦ದ ದಶಕದಲ್ಲಿ ಅದೇ ವಿಭಾಗದಿಂದ, ಫಲಕದ ಒಂದೇ ಮುಖದಲ್ಲಿ ಗೆರೆಯೂ ಅದರ ಪಕ್ಕದಲ್ಲೇ ಹಾಸೂ ಅಚ್ಚಾಗುವ, ಹಲವು ಆವೃತ್ತಿಗಳಿಗೆ ಹೊಂದುವ ಕಿರು ಆಂಟೆನಾಗಳು ಬಂದವು. ಹಿಮ್ಮುಖದ ತಾಮ್ರ ಬೇಕಿಲ್ಲದ ಇಂತಹ ರಚನೆ ಅಗ್ಗದ ಸಾಧನಗಳಿಗೆ ಹೊಂದುತ್ತದೆ.

ಎರಡನೆಯ ದಾರಿ ಅರ್ಧವನ್ನು ಬಿಟ್ಟುಕೊಡುವುದು. ಅರ್ಧ ತರಂಗದೂರದ ತೇಪೆಯ ಸರಿನಡುವಿನಲ್ಲಿ ವೋಲ್ಟೇಜು ಸದಾ ಶೂನ್ಯವಾಗಿರುತ್ತದೆ. ಆ ಗೆರೆಯ ಉದ್ದಕ್ಕೂ ತಾಮ್ರದ ಗೋಡೆಯೊಂದನ್ನು ಇಳಿಸಿ ಕೆಳಗಿನ ಹಾಸಿಗೆ ಸೇರಿಸಿದರೂ ಸ್ಥಿತಿ ಬದಲಾಗದು. ಹಾಗಾದರೆ ಗೋಡೆಯ ಆಚೆಗಿನ ಅರ್ಧವನ್ನು ಕಿತ್ತೆಸೆಯಬಹುದು. ಉಳಿದದ್ದು ಕಾಲು ತರಂಗದೂರದ ತೇಪೆ. ಇದೇ ತತ್ತ್ವವನ್ನು ಒಂದು ಗೆರೆಗೆ ಅಳವಡಿಸಿದಾಗ ತಲೆಕೆಳಗಾದ ಎಫ್ ಅಕ್ಷರದ ಆಕೃತಿ ಹುಟ್ಟುತ್ತದೆ. ೨೦೦೪ರ ಸುಮಾರಿಗೆ ಅಮೆರಿಕೆಯ ಬರ್ಕ್ಲಿಯಲ್ಲಿ ರೂಪುಗೊಂಡು ಲೋಕದ ಅನೇಕ ಪ್ರಯೋಗಶಾಲೆಗಳಿಗೆ ಹರಡಿದ ಟೀಲಾಸ್ ಎಂಬ ಸಂವೇದಕ ಘಟಕದ ಫಲಕದಲ್ಲಿ ಅಚ್ಚಾಗಿದ್ದುದು ಈ ಆಕೃತಿಯೇ. ಎರಡು ಸೆಲ್ಲುಗಳಿಂದ ನಡೆಯುವ ಆ ಘಟಕಕ್ಕೆ ಕಟ್ಟಡದೊಳಗೆ ೫೦ ಮೀಟರ್, ಬಯಲಿನಲ್ಲಿ ೧೨೫ ಮೀಟರ್ ವ್ಯಾಪ್ತಿಯಿದೆಯೆಂದು ತಯಾರಕರು ಹೇಳಿಕೊಂಡಿದ್ದರು.

ಮೂರನೆಯ ದಾರಿ ಅಲೆಯನ್ನೇ ಕುಗ್ಗಿಸುವುದು. ಪರಾವೈದ್ಯುತಾಂಕದ ವರ್ಗಮೂಲದಷ್ಟು ಪಾಲು ಅಲೆ ಕುಗ್ಗುತ್ತದೆ. ಅಂಕ ೩೬ ಇದ್ದರೆ ಆರನೆಯ ಒಂದು ಪಾಲು, ೧೦೦ ಇದ್ದರೆ ಹತ್ತನೆಯ ಒಂದು ಪಾಲು. ಇಲ್ಲಿ ತಿರುವನಂತಪುರದ ಪ್ರಸ್ತಾಪ ಬರುತ್ತದೆ. ಅಲ್ಲಿಯ ಕೋಟೆಯ ಪೂರ್ವಭಾಗದಿಂದ ಹೊರಟು ಚಾಲೈ ಪೇಟೆಯನ್ನು ಹಾದು, ಕಿಳ್ಳಿಪ್ಪಾಲ, ಕರಮನಗಳನ್ನು ದಾಟಿ ಹೋದರೆ ಪಾಪ್ಪನಂಕೋಡಿನಲ್ಲಿ ರಾಷ್ಟ್ರೀಯ ಅಂತರಶಿಸ್ತೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ೨೦೦೭ರವರೆಗೆ ಅದು ಪ್ರಾದೇಶಿಕ ಸಂಶೋಧನಾಲಯವಾಗಿತ್ತು. ಮೈಕ್ರೋವೇವ್ ಪಿಂಗಾಣಿಗಳನ್ನು ಕುರಿತು ಎಂ. ಟಿ. ಸೆಬಾಸ್ಟಿಯನ್ ಮತ್ತು ಅವರ ಸಂಗಡಿಗರು ಅಲ್ಲಿ ನಡೆಸಿದ ಅಧ್ಯಯನ ಲೋಕದ ಗಮನ ಸೆಳೆದಿದೆ. ಇಂತಹ ಪಿಂಗಾಣಿಗೆ ಮೂರು ಗುಣಗಳು ಒಟ್ಟಿಗೆ ಬೇಕು: ಪರಾವೈದ್ಯುತಾಂಕ ಹೆಚ್ಚಿರಬೇಕು, ಶಕ್ತಿ ಶಾಖವಾಗಿ ಪೋಲಾಗಬಾರದು, ಬಿಸಿಲಿಗೂ ಚಳಿಗೂ ಶ್ರುತಿ ಜಾರಬಾರದು. ಕೇರಳದ ಚವರದ ಕರಿಮರಳಿನಿಂದ ದೊರೆಯುವ ಟೈಟೇನಿಯಮ್ಮಿನ ಆಕ್ಸೈಡು ಮೊದಲೆರಡು ಗುಣಗಳಲ್ಲಿ ಮೇಲು, ಅದರ ಅಂಕ ಸುಮಾರು ೧೦೦. ಆದರೆ ಉಷ್ಣತೆ ಬದಲಾದರೆ ಅದರ ಶ್ರುತಿ ತೀರ ಜಾರುತ್ತದೆ. ಎದುರು ದಿಕ್ಕಿಗೆ ಜಾರುವ ಬೇರೊಂದು ಆಕ್ಸೈಡನ್ನು ಹದವರಿತು ಬೆರೆಸಿ ಎರಡೂ ಜಾರಿಕೆಗಳು ಒಂದನ್ನೊಂದು ಅಳಿಸುವಂತೆ ಮಾಡುವುದು ಈ ಶಾಸ್ತ್ರದ ಮುಖ್ಯ ಕೆಲಸಗಳಲ್ಲೊಂದು.

೫. ಬೆಲೆಯ ಲೆಕ್ಕ

ಮೂರು ದಾರಿಗಳಿರುವಾಗ ಎಷ್ಟು ಬೇಕಾದರೂ ಕುಗ್ಗಿಸಬಹುದಲ್ಲವೇ ಎಂದು ತೋರಬಹುದು. ೧೯೪೭ರಲ್ಲಿ ಹೆರಾಲ್ಡ್ ವೀಲರ್, ೧೯೪೮ರಲ್ಲಿ ಎಲ್. ಜೆ. ಚೂ ಇದಕ್ಕೆ ಉತ್ತರ ಕೊಟ್ಟರು. ಆಂಟೆನಾವನ್ನು ಪೂರ್ತಿಯಾಗಿ ತನ್ನೊಳಗೆ ಅಡಗಿಸಿಕೊಳ್ಳುವ ಅತಿ ಚಿಕ್ಕ ಗೋಳವನ್ನು ಕಲ್ಪಿಸಿಕೊಳ್ಳೋಣ. ಆ ಗೋಳ ತರಂಗದೂರಕ್ಕಿಂತ ಬಹಳ ಚಿಕ್ಕದಾದಾಗ, ಶಕ್ತಿಯ ಹೆಚ್ಚಿನ ಪಾಲು ಹೊರಗೆ ಹೋಗದೆ ಆಂಟೆನಾದ ಸುತ್ತಲೇ ಬಂದು ಹೋಗುತ್ತ ಉಳಿಯುತ್ತದೆ. ಅಂತಹ ಆಂಟೆನಾ ತುಂಬ ಕಿರಿದಾದ ಆವೃತ್ತಿಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಗೋಳದೊಳಗೆ ಗೆರೆಯನ್ನು ಹೇಗೆ ಮಡಿಸಿದರೂ ಎಂತಹ ಕುಶಲಿಯೂ ಈ ಮಿತಿಯನ್ನು ಮೀರಲಾರ.

ಒಂದು ಸೆಂಟಿಮೀಟರ್ ತ್ರಿಜ್ಯದ, ಎಂದರೆ ದೊಡ್ಡ ಗೋಲಿಯಷ್ಟಿರುವ ಗೋಳವನ್ನು ತೆಗೆದುಕೊಳ್ಳೋಣ. ಚೂ ಸೂತ್ರದಂತೆ ೨೪೫೦ ಮೆಗಾಹರ್ಟ್ಸಿನಲ್ಲಿ ಅದರೊಳಗಿನ ನಷ್ಟರಹಿತ ಆಂಟೆನಾಕ್ಕೆ ದೊರೆಯಬಹುದಾದ ಗರಿಷ್ಠ ಪಟ್ಟಿಯ ಅಗಲ ಶೇಕಡಾ ೧೦ರಷ್ಟು. ಆ ಪಟ್ಟಿಯಲ್ಲಿ ನಮಗೆ ಬೇಕಾದದ್ದು ೮೩.೫ ಮೆಗಾಹರ್ಟ್ಸ್, ಸುಮಾರು ಶೇಕಡಾ ೩.೪. ಅವಕಾಶವಿದೆ. ಅದೇ ಗೋಳದಲ್ಲಿ ೮೬೬ ಮೆಗಾಹರ್ಟ್ಸಿನ ಆಂಟೆನಾವನ್ನು ಅಡಗಿಸಿದರೆ ದೊರೆಯುವುದು ಶೇಕಡಾ ೦.೬ರಷ್ಟು ಮಾತ್ರ, ಸುಮಾರು ೫ ಮೆಗಾಹರ್ಟ್ಸ್. ಇದೂ ಆದರ್ಶದ ಲೆಕ್ಕ. ಚಪ್ಪಟೆಯಾದ ಮುದ್ರಿತ ಗೆರೆ ಗೋಳದ ಅಲ್ಪಭಾಗವನ್ನಷ್ಟೇ ತುಂಬುವುದರಿಂದ ಅದಕ್ಕೆ ಸಿಗುವುದು ಇನ್ನೂ ಕಡಿಮೆ. ಗೋಳದ ತ್ರಿಜ್ಯವನ್ನು ಎರಡು ಸೆಂಟಿಮೀಟರಿಗೆ ಹಿಗ್ಗಿಸಿದರೆ ಪಟ್ಟಿ ಸುಮಾರು ಏಳು ಪಟ್ಟು ಅಗಲವಾಗುತ್ತದೆ. ಒಂದು ಸೆಂಟಿಮೀಟರಿಗೆ ಇಷ್ಟು ಬೆಲೆ!

ಪಟ್ಟಿ ಕಿರಿದಾದರೆ ಆಗುವ ತೊಂದರೆಯೇನು? ಸಾಧಾರಣ ಫಲಕದ ಪರಾವೈದ್ಯುತಾಂಕ ತಯಾರಿಕೆಯ ಒಂದು ತಂಡದಿಂದ ಇನ್ನೊಂದಕ್ಕೆ ಶೇಕಡಾ ೫ರಷ್ಟು ಹೆಚ್ಚುಕಡಿಮೆಯಾದರೂ ತೇಪೆಯ ಶ್ರುತಿ ೫೦-೬೦ ಮೆಗಾಹರ್ಟ್ಸಿನಷ್ಟು ಸರಿಯುತ್ತದೆ. ಪೆಟ್ಟಿಗೆಯ ಪ್ಲಾಸ್ಟಿಕ್ಕು, ಹತ್ತಿರದ ಸೆಲ್ಲು, ಹಿಡಿದ ಕೈ ಎಲ್ಲವೂ ಅದನ್ನು ಜಾರಿಸುತ್ತವೆ. ಪಟ್ಟಿ ಅಗಲವಾಗಿದ್ದರೆ ಈ ಜಾರಿಕೆಯನ್ನು ತಾಳಿಕೊಳ್ಳುತ್ತದೆ, ಕಿರಿದಾಗಿದ್ದರೆ ಸಾಧನ ಮೂಕವಾಗುತ್ತದೆ.

ಎರಡನೆಯ ಬೆಲೆ ದಕ್ಷತೆಯದು. ಮಡಿಕೆಗಳಲ್ಲಿ ಅಕ್ಕಪಕ್ಕದ ಗೆರೆಗಳ ವಿದ್ಯುತ್ತು ಎದುರುಬದುರಾಗಿ ಹರಿಯುವುದರಿಂದ ಅವುಗಳ ವಿಕಿರಣ ಪರಸ್ಪರ ಅಳಿದುಹೋಗುತ್ತದೆ. ತಾಮ್ರದಲ್ಲಿ ಮತ್ತು ಫಲಕದಲ್ಲಿ ಹುಟ್ಟುವ ಶಾಖ ಮಾತ್ರ ಉಳಿಯುತ್ತದೆ. ದಕ್ಷತೆ ಅರ್ಧಕ್ಕಿಳಿಯಿತೆನ್ನೋಣ. ಕಳುಹಿಸುವ ಕಡೆಯಲ್ಲೂ ಪಡೆಯುವ ಕಡೆಯಲ್ಲೂ ಅದೇ ಆಂಟೆನಾ ಇರುವುದರಿಂದ ನಷ್ಟವನ್ನು ಎರಡು ಸಲ ಎಣಿಸಬೇಕು, ಎಂದರೆ ತಲುಪುವುದು ಕಾಲುಭಾಗ. ತೆರೆದ ಬಯಲಿನ ಲೆಕ್ಕದಂತೆ ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ವ್ಯಾಪ್ತಿ ಅರ್ಧವಾಗುತ್ತದೆ. ವ್ಯಾಪ್ತಿ ಅರ್ಧವಾದರೆ ಅದೇ ಹೊಲವನ್ನು, ಅದೇ ಬೆಟ್ಟವನ್ನು ಆವರಿಸಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಘಟಕಗಳು ಬೇಕು. ಫಲಕದ ಮೂಲೆಯಲ್ಲಿ ಉಳಿಸಿದ ಒಂದು ಸೆಂಟಿಮೀಟರ್ ತಾಮ್ರಕ್ಕೆ ಜಾಲವನ್ನು ಕೊಳ್ಳುವವನು ನಾಲ್ಕು ಪಟ್ಟು ಹಣ ತೆರಬೇಕಾಗುತ್ತದೆ.

ಮೂರನೆಯದು ಸೆಲ್ಲಿನ ಆಯುಸ್ಸು. ಟೀಲಾಸ್ ಘಟಕದ ರೇಡಿಯೊ ಒಂದು ಮಿಲಿವ್ಯಾಟ್ ಶಕ್ತಿಯಲ್ಲಿ ಮಾತನಾಡುವಾಗ ೧೭.೪ ಮಿಲಿಆಂಪಿಯರ್, ಆಲಿಸುವಾಗ ಅದಕ್ಕಿಂತ ತುಸು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. ೨೫೦೦ ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳಿದ್ದರೆ, ಸದಾ ಎಚ್ಚರವಾಗಿರುವ ರೇಡಿಯೊ ಆರು ದಿನದೊಳಗೆ ಅವನ್ನು ಬರಿದು ಮಾಡುತ್ತದೆ. ನೂರರಲ್ಲಿ ಒಂದು ಪಾಲು ಮಾತ್ರ ಎಚ್ಚರವಿದ್ದು ಉಳಿದ ಹೊತ್ತು ಮಲಗಿದರೆ, ಇತರ ವೆಚ್ಚಗಳನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ, ಅದು ಒಂದೂವರೆ ವರ್ಷ ಬದುಕುತ್ತದೆ. ಆಂಟೆನಾ ದುರ್ಬಲವಾಗಿದ್ದರೆ ಸಂದೇಶ ತಲುಪದೆ ಮತ್ತೆ ಮತ್ತೆ ಕಳುಹಿಸಬೇಕಾಗಿ ಈ ನಿದ್ರೆಗೆ ಭಂಗ ಬರುತ್ತದೆ. ಮನುಷ್ಯರು ಸುಲಭವಾಗಿ ಏರಲಾರದ ಇಳಿಜಾರಿನಲ್ಲಿ ನೆಟ್ಟ ಘಟಕದ ಸೆಲ್ಲನ್ನು ತಿಂಗಳಿಗೊಮ್ಮೆ ಬದಲಿಸುವುದು ಆಗದ ಮಾತು.

೬. ‘ನೆಲ’ ಎಂಬ ಮಾತು

ತೇಪೆಯ ಕೆಳಗಿನ ತಾಮ್ರದ ಹಾಸನ್ನು ಇಂಜಿನಿಯರುಗಳು ‘ಗ್ರೌಂಡ್’ ಎನ್ನುತ್ತಾರೆ. ಕನ್ನಡದಲ್ಲಿ ನೆಲವೆಂದೋ ಭೂಸಂಪರ್ಕವೆಂದೋ ಅದನ್ನು ಹೇಳುವ ರೂಢಿಯಿದೆ. ಶಬ್ದದ ಅರ್ಥವನ್ನು ವಿಚಾರಿಸುವ ನಮ್ಮಂಥವರಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. ನೆಲವೆಂದರೆ ಅಲುಗದ್ದು, ಎಲ್ಲವನ್ನೂ ಹೊತ್ತು ತಾನು ಯಾವುದರಲ್ಲೂ ಪಾಲುಗೊಳ್ಳದ್ದು ಎಂಬ ಧ್ವನಿ ಆ ಪದಕ್ಕಿದೆ. ಆದರೆ ಕಿರುಸಾಧನದಲ್ಲಿ ಅಂತಹ ನೆಲವೇ ಇಲ್ಲ. ಅಲ್ಲಿರುವುದು ಮೂರು ನಾಲ್ಕು ಸೆಂಟಿಮೀಟರಿನ ತಾಮ್ರದ ಹಾಳೆ, ಅದರಲ್ಲೂ ವಿದ್ಯುತ್ತು ಹರಿಯುತ್ತದೆ, ಅದೂ ವಿಕಿರಣಗೊಳಿಸುತ್ತದೆ. ಕಾಲು ತರಂಗದೂರದ ಗೆರೆ ಆಂಟೆನಾದ ಒಂದರ್ಧವಾದರೆ ಈ ಹಾಸು ಇನ್ನೊಂದರ್ಧ. ಫಲಕವನ್ನು ಕತ್ತರಿಸಿ ಚಿಕ್ಕದು ಮಾಡಿದವನು ಗೆರೆಯನ್ನು ಮುಟ್ಟದಿದ್ದರೂ ಆಂಟೆನಾವನ್ನೇ ಕತ್ತರಿಸಿದಂತಾಗುತ್ತದೆ. ಗೆರೆಯ ಪಕ್ಕದಲ್ಲೇ ಸೆಲ್ಲನ್ನು ಇಟ್ಟರೂ ಇದೇ ಫಲ. ಆಂಟೆನಾವನ್ನು ಎಲ್ಲ ಕೆಲಸ ಮುಗಿದ ಮೇಲೆ ಉಳಿದ ಮೂಲೆಗೆ ಅಂಟಿಸುವ ಅಭ್ಯಾಸ ಕೆಡುಕಾಗುವುದು ಈ ಕಾರಣದಿಂದ. ಕಿರುಸಾಧನದಲ್ಲಿ ಇಡೀ ಸಾಧನವೇ ಆಂಟೆನಾ.

ನಿಜವಾದ ನೆಲವೂ ಸುಮ್ಮನಿರುವುದಿಲ್ಲ. ನೀರಿನ ಪರಾವೈದ್ಯುತಾಂಕ ೮೦ರ ಸಮೀಪದಲ್ಲಿದೆ. ಒಣಮಣ್ಣಿನ ಮೇಲೆ ಶ್ರುತಿಗೊಳಿಸಿದ ಸಾಧನವು ಮಳೆ ಬಂದು ಮಣ್ಣು ನೆನೆದಾಗ, ಪೆಟ್ಟಿಗೆಯ ಮೇಲೆ ನೀರಿನ ಪೊರೆ ನಿಂತಾಗ ಶ್ರುತಿ ತಪ್ಪುತ್ತದೆ. ಈ ಆವೃತ್ತಿಗಳಲ್ಲಿ ಸುರಿಯುವ ಮಳೆಹನಿಗಳು ಅಲೆಯನ್ನು ತಡೆಯುವುದು ತೀರ ಅಲ್ಪ. ತೊಂದರೆಯಾಗುವುದು ನೆನೆದ ಎಲೆಗಳಿಂದ, ನೆನೆದ ಮಣ್ಣಿನಿಂದ, ನೆನೆದ ಪೆಟ್ಟಿಗೆಯಿಂದ. ಭೂಕುಸಿತವನ್ನು ಕಾಯುವ ಸಾಧನಕ್ಕೆ ಮಾತು ಅತ್ಯಗತ್ಯವಾಗುವುದು ಇದೇ ಹೊತ್ತಿನಲ್ಲಿ. ಆದ್ದರಿಂದ ಅಂತಹ ಆಂಟೆನಾವನ್ನು ಒಣ ಕೊಠಡಿಯ ಲೆಕ್ಕಕ್ಕೆ ಹೊಂದಿಸಿದರೆ ಸಾಲದು. ಒಣಗಿದ್ದಾಗಲೂ ನೆನೆದಾಗಲೂ ಬೇಕಾದ ಆವೃತ್ತಿ ತನ್ನ ಪಟ್ಟಿಯೊಳಗೇ ಉಳಿಯುವಷ್ಟು ಅಗಲವನ್ನು ಅದಕ್ಕೆ ಮೊದ

ಲೇ ಕೊಟ್ಟಿರಬೇಕು. ಗಾತ್ರದಲ್ಲಿ ಅತಿಯಾಸೆ ಪಟ್ಟವನಿಗೆ ಈ ಅಗಲ ದೊರೆಯದು.

ಪೇಟೆಯ ಸ್ಥಿತಿ ಬೇರೆ. ೧೮ನೆಯ ಶತಮಾನದ ಕೊನೆಯಲ್ಲಿ ತಿರುವಿತಾಂಕೂರಿನ ದಿವಾನ ರಾಜಾ ಕೇಶವದಾಸನ ಕಾಲದಲ್ಲಿ ರೂಪುಗೊಂಡ ಚಾಲೈಯಂತಹ ಇಕ್ಕಟ್ಟಿನ ಪೇಟೆಯಲ್ಲಿ, ಉಗ್ರಾಣದ ತೇವವನ್ನೋ ಉಷ್ಣತೆಯನ್ನೋ ತಿಳಿಸುವ ಘಟಕಗಳನ್ನು ಇಟ್ಟರೆಂದು ಭಾವಿಸೋಣ. ಕಬ್ಬಿಣದ ಬಾಗಿಲುಗಳು, ಪಾತ್ರೆಗಳ ರಾಶಿ, ನೀರು ತುಂಬಿದ ತರಕಾರಿಯ ಗುಡ್ಡೆ, ಜನಸಂದಣಿ ಇವೆಲ್ಲ ಅಲೆಯನ್ನು ಪುಟಿಸುತ್ತವೆ, ಹೀರುತ್ತವೆ. ಹಲವು ದಾರಿಗಳಲ್ಲಿ ಬಂದ ಅಲೆಗಳು ಕೆಲವೆಡೆ ಕೂಡಿ ಬಲಗೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ೨೪೫೦ ಮೆಗಾಹರ್ಟ್ಸಿನಲ್ಲಿ ಬಲದ ಜಾಗದಿಂದ ಮೌನದ ಜಾಗಕ್ಕೆ ಮೂರು ಸೆಂಟಿಮೀಟರಿನಷ್ಟೇ ಅಂತರವಿರಬಹುದು. ಇಲ್ಲಿ ಮಡಿಸಿದ ಗೆರೆಯ ದೋಷವೊಂದು ಗುಣವಾಗಿ ಪರಿಣಮಿಸುವುದುಂಟು. ಅದು ಅಡ್ಡವಾಗಿಯೂ ಉದ್ದವಾಗಿಯೂ ಕಂಪಿಸುವ ಅಲೆಗಳೆರಡನ್ನೂ ತಕ್ಕಮಟ್ಟಿಗೆ ಹಿಡಿಯುತ್ತದೆ. ಬಯಲಿನಲ್ಲಿ ಕುಂದೆನಿಸುವ ಈ ಬೆರಕೆ ಪೇಟೆಯಲ್ಲಿ ಆಸರೆಯಾಗುತ್ತದೆ. ಒಳ್ಳೆಯ ಆಂಟೆನಾ ಎಂಬುದು ಸ್ಥಳವನ್ನು ಬಿಟ್ಟು ಹೇಳಬಹುದಾದ ಮಾತಲ್ಲ.

೭. ಅಳತೆಯ ಒಂದು ಮೋಸ

ಆಂಟೆನಾ ಚೆನ್ನಾಗಿದೆಯೆಂದು ತಿಳಿಯುವುದು ಹೇಗೆ? ರೂಢಿಯಲ್ಲಿರುವ ಮೊದಲ ಪರೀಕ್ಷೆ, ಕಳುಹಿಸಿದ ಶಕ್ತಿಯಲ್ಲಿ ಎಷ್ಟು ಹಿಂತಿರುಗಿತು ಎಂದು ನೋಡುವುದು. ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಹಿಂತಿರುಗಿದರೆ ಒಪ್ಪಿಗೆ. ಈ ಪರೀಕ್ಷೆ ಅಗತ್ಯ, ಆದರೆ ಇದೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಹಿಂತಿರುಗದ ಶಕ್ತಿಯೆಲ್ಲ ಅಲೆಯಾಗಿ ಹೊರಟಿತೆಂದು ಅರ್ಥವಲ್ಲ, ಅದು ಫಲಕದಲ್ಲೇ ಶಾಖವಾಗಿ ಅಡಗಿರಬಹುದು. ಆಂಟೆನಾದ ಜಾಗದಲ್ಲಿ ೫೦ ಓಮಿನ ಒಂದು ರೋಧಕವನ್ನು ಇಟ್ಟರೆ ಈ ಪರೀಕ್ಷೆಯಲ್ಲಿ ಅದಕ್ಕೆ ಪೂರ್ಣ ಅಂಕ ಬರುತ್ತದೆ, ಹೊರಗೆ ಹೋಗುವುದು ಮಾತ್ರ ಏನೂ ಇಲ್ಲ. ಅಗ್ಗದ ಫಲಕದ ಮೇಲೆ ತುಂಬ ಕುಗ್ಗಿಸಿದ ಆಂಟೆನಾಕ್ಕೆ ಆಶ್ಚರ್ಯಕರವಾಗಿ ಅಗಲವಾದ ಪಟ್ಟಿ ಕಂಡುಬಂದರೆ ಸಂತೋಷಪಡುವ ಮುನ್ನ ಸಂದೇಹಪಡಬೇಕು. ಚೂ ತೋರಿಸಿದ ಮಿತಿಯನ್ನು ಯಾರೂ ಮೀರಿರುವುದಿಲ್ಲ, ನಷ್ಟವೇ ಅಗಲದ ವೇಷ ತೊಟ್ಟಿರುತ್ತದೆ.

ಇದನ್ನು ಬಯಲಿಗೆಳೆಯಲು ವೀಲರ್ ೧೯೫೯ರಲ್ಲಿ ಸರಳವಾದ ಉಪಾಯವೊಂದನ್ನು ಹೇಳಿದನು. ಆಂಟೆನಾದ ಮೇಲೆ ತಕ್ಕ ಅಳತೆಯ ಲೋಹದ ಮುಚ್ಚಳವನ್ನು ಕವುಚಬೇಕು. ೨೪೫೦ ಮೆಗಾಹರ್ಟ್ಸಿಗಾದರೆ ಎರಡು ಸೆಂಟಿಮೀಟರ್ ತ್ರಿಜ್ಯದ ಡಬ್ಬಿ ಸಾಕು. ಮುಚ್ಚಿದಾಗ ವಿಕಿರಣ ನಿಲ್ಲುತ್ತದೆ, ಶಾಖದ ನಷ್ಟ ಮಾತ್ರ ಉಳಿಯುತ್ತದೆ. ಮುಚ್ಚಿದಾಗಿನ ಮತ್ತು ತೆರೆದಾಗಿನ ರೋಧಗಳನ್ನು ಹೋಲಿಸಿದರೆ ಎಷ್ಟು ಪಾಲು ನಿಜವಾಗಿ ಹೊರಡುತ್ತದೆಯೆಂಬುದು ಗೊತ್ತಾಗುತ್ತದೆ. ಪ್ರತಿಧ್ವನಿಯಿಲ್ಲದ ದೊಡ್ಡ ಕೊಠಡಿಯನ್ನು ಕಟ್ಟಿಸಲಾಗದ ಸಣ್ಣ ಕಾಲೇಜಿನ ಪ್ರಯೋಗಶಾಲೆಯೂ ಈ ಪರೀಕ್ಷೆಯನ್ನು ಮಾಡಬಹುದು, ಮಾಡಬೇಕು.

೮. ಸಮಾಪ್ತಿ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಾಧನದ ಅಳತೆಯನ್ನು ನಿರ್ಧರಿಸುವ ಮೊದಲ ದಿನವೇ ಆಂಟೆನಾಕ್ಕೆ ಜಾಗ ಕಾದಿರಿಸಬೇಕು. ಆವೃತ್ತಿಯನ್ನು ಆಯುವಾಗ ಪೆಟ್ಟಿಗೆಯ ಗಾತ್ರವೊಂದನ್ನೇ ನೋಡದೆ ಅದನ್ನು ನೆಡುವ ನೆಲವನ್ನೂ ನೋಡಬೇಕು. ಕುಗ್ಗಿಸುವ ದಾರಿ ಯಾವುದಾದರೂ ಪಟ್ಟಿ, ದಕ್ಷತೆ, ಗಾತ್ರ ಈ ಮೂರನ್ನೂ ಒಟ್ಟಿಗೆ ಗೆಲ್ಲಲಾಗದೆಂಬುದನ್ನು ಒಪ್ಪಿಕೊಂಡು, ಯಾವುದನ್ನು ಬಿಟ್ಟುಕೊಡಬಹುದೆಂದು ತಿಳಿದು ಬಿಡಬೇಕು. ಮೈಗೆ ಕಟ್ಟುವ ಸಾಧನದಲ್ಲಿ ಗಾತ್ರಕ್ಕೆ ಮನ್ನಣೆ ಸಲ್ಲಬಹುದು. ಬೆಟ್ಟದ ಮೇಲಿನ ಸಾಧನ ಒಂದು ಅಂಗುಲ ಹಿರಿದಾದರೆ ಯಾರಿಗೂ ನಷ್ಟವಿಲ್ಲ, ಅದರ ಮಾತು ಕೆಳಗಿನ ಊರಿಗೆ ತಲುಪದಿದ್ದರೆ ನಷ್ಟಕ್ಕೆ ಎಣೆಯಿಲ್ಲ.

ಕಾಸರಗೋಡಿನಿಂದ ತಿರುವನಂತಪುರದವರೆಗೆ ಹಬ್ಬಿರುವ ಪಶ್ಚಿಮದ ಕರಾವಳಿಯೂ ಅದರ ಬೆನ್ನಿಗಿರುವ ಸಹ್ಯಾದ್ರಿಯೂ ಭಾಷೆಯ ಗಡಿಯನ್ನು ಅರಿಯದೆ ಒಂದೇ ಮಳೆಗೆ ನೆನೆಯುತ್ತವೆ. ಕೊಚ್ಚಿಯಲ್ಲಿ ಅಚ್ಚಾದ ಗೆರೆ, ಪಾಪ್ಪನಂಕೋಡಿನಲ್ಲಿ ಬೆಂದ ಪಿಂಗಾಣಿ, ಬೆಂಗಳೂರಿನವರು ಪಾವಗಡದ ಹೊಲದಲ್ಲಿ ಪಡೆದ ಅನುಭವ ಇವು ಮೂರೂ ನಮ್ಮ ಮಲೆನಾಡಿಗೆ ಬೇಕಾದವೇ. ಈ ತಿಳಿವಳಿಕೆ ಕನ್ನಡದಲ್ಲಿ ಕನ್ನಡದ ಮಾತುಗಳಿಂದಲೇ ಬೆಳೆದರೆ, ಸಾಧನವನ್ನು ನೆಡುವ ಇಂಜಿನಿಯರಿಗೂ ಅದರ ಪಕ್ಕದಲ್ಲಿ ಬಾಳುವ ಕೃಷಿಕನಿಗೂ ನಡುವೆ ಮಾತು ಸಾಧ್ಯವಾಗುತ್ತದೆ. ಪೆಟ್ಟಿಗೆಯ ಮೇಲೆ ಬಳ್ಳಿ ಹಬ್ಬಲು ಬಿಡಬಾರದು, ಅದರ ಪಕ್ಕದಲ್ಲಿ ತಗಡಿನ ಬೇಲಿ ಹಾಕಬಾರದು ಎಂಬುದನ್ನು ಕಾರಣಸಹಿತವಾಗಿ ತಿಳಿದ ಕೃಷಿಕನು ಆ ಜಾಲದ ನಿಜವಾದ ಪಾಲಕನಾಗುತ್ತಾನೆ.